ತಿಂಗಳ ಕೊನೆಯ ವಾರ: ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಕಂಪನಿಗಳಲ್ಲಿ ನಿಮ್ಮ ಅನುಭವ ಹೇಗಿದೆ?

ತಾರಿಹಾಳ ಟ್ರೇನಿ:

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯವನು. ಮೆಕ್ಯಾನಿಕಲ್ ಬಿಇ ಮುಗಿಸಿ ಹುಬ್ಬಳ್ಳಿಯ ಒಂದು ವಾಲ್ವ್ ಕಂಪನಿಯಲ್ಲಿ ಕ್ವಾಲಿಟಿ ಟ್ರೇನಿ ಆಗಿದ್ದೇನೆ. ಕಂಪನಿ ಹೆಸರು ಹೇಳುವುದಿಲ್ಲ. ಊಹೆ ಮಾಡಲೂ ಹೋಗಬೇಡಿ, ಈ ಊರಲ್ಲಿ ವಾಲ್ವ್ ಮಾಡುವವರು ಒಬ್ಬರು ಇಬ್ಬರಲ್ಲ.

ತಿಂಗಳ 20ರ ತನಕ ನಮ್ಮದು ಒಂದು ಕಂಪನಿ, ಆಮೇಲೆ ಬೇರೆಯದೇ ಕಂಪನಿ. 20ರ ತನಕ ಬೆಳಿಗ್ಗೆ ಮೀಟಿಂಗ್, 5ಎಸ್ ಅಂತ ಜಾಗ ಅಚ್ಚುಕಟ್ಟು ಮಾಡುವುದು, ಕೈಜನ್ ಅನ್ನುವ ಸುಧಾರಣೆಗಳ ಬೋರ್ಡಿನ ಮುಂದೆ ಫೋಟೊ. ಮ್ಯಾನೇಜರ್ ಸಾಹೇಬರು ಹೆಗಲ ಮೇಲೆ ಕೈ ಹಾಕಿ ಮಾತಾಡಿಸುತ್ತಾರೆ. 20 ದಾಟಿತೋ, ಎಲ್ಲರ ಬಾಯಲ್ಲೂ ಡಿಸ್ಪ್ಯಾಚ್ ಒಂದೇ ಮಾತು. ಊಟದ ಡಬ್ಬಿ ಬಿಚ್ಚಿದರೂ ಫೋನ್ ಬರುತ್ತದೆ. ಮೊದಲ ಪಾಳಿಗೆ ಹೋದವನು ರಾತ್ರಿ 9ಕ್ಕೆ ಹೊರಗೆ ಬರುತ್ತೇನೆ. ಅಷ್ಟೊತ್ತಿಗೆ ಕಂಪನಿ ಬಸ್ ಹೋಗಿರುತ್ತದೆ. ಚಿಗರಿ ಬಸ್ (ಹುಬ್ಬಳ್ಳಿ-ಧಾರವಾಡ ನಡುವಿನ ವೇಗದ ಬಸ್) ನಮ್ಮ ತಾರಿಹಾಳ ಕೈಗಾರಿಕಾ ಪ್ರದೇಶದ ಕಡೆ ಬರುವುದಿಲ್ಲ, ಗೊತ್ತಲ್ಲ. ಆಟೋದವನು ಹೇಳಿದ್ದೇ ರೇಟು.

ಓಟಿ (ಹೆಚ್ಚುವರಿ ಗಂಟೆಗಳ ಪಗಾರ) ಕೇಳಿದರೆ "ನೀ ಎಂಜಿನಿಯರ್ ಅದೀಯಪಾ, ಹೆಲ್ಪರ್ ಅಲ್ಲ" ಅನ್ನುತ್ತಾರೆ. ಸೇರುವಾಗ ಎರಡು ವರ್ಷ ಕೆಲಸ ಬಿಡುವಂತಿಲ್ಲ ಅಂತ ಬಾಂಡ್ ಬರೆಸಿಕೊಂಡು ಒಂದು ಖಾಲಿ ಚೆಕ್ ಕೂಡ ಇಸ್ಕೊಂಡಿದ್ದಾರೆ.

ಎಲ್ಲ ಕಡೆ ಹೀಗೇನಾ? ಗೋಕುಲ ರೋಡ್, ರಾಯಾಪುರ, ಧಾರವಾಡದ ಬೇಲೂರು, ಗಾಮನಗಟ್ಟಿ, ಎಲ್ಲೇ ಕೆಲಸ ಮಾಡಿದವರು ನಿಮ್ಮ ಅನುಭವ ಬರೆಯಿರಿ. ಕಂಪನಿ ಹೆಸರು ಬೇಡ, ದಯವಿಟ್ಟು.

ಸುಮ್ನೆ ಓದುವವ:

ಎಲ್ಲ ಕಡೆ ಹೀಗೇ. ಶುಭವಾಗಲಿ.

ಲೇತ್ ಕಾಕಾ:

ಎಲ್ಲ ಕಡೆ ಹೀಗೇ ಅಂತ ಒಂದೇ ಸಾಲಲ್ಲಿ ಹೇಳಿ ಹುಡುಗನ ಬಾಯಿ ಮುಚ್ಚಿಸಬೇಡಿ. ಹೀಗೆ ಇಲ್ಲದ ಕಡೆಯೂ ನಾನು ಕೆಲಸ ಮಾಡಿದ್ದೇನೆ.

ತಮ್ಮಾ, ನಾನು ಐಟಿಐ ಟರ್ನರ್. ಗೋಕುಲ ರೋಡ್ ಎಸ್ಟೇಟಿನಲ್ಲೇ ತಲೆಗೂದಲು ಬೆಳ್ಳಗಾಗಿವೆ. ಸೆಂಟರ್ ಲೇತಿನಿಂದ ಶುರು ಮಾಡಿ ಕಂಪ್ಯೂಟರ್ ನಡೆಸುವ ಸಿಎನ್‌ಸಿ ತನಕ ಬಂದೆ. ತಿಂಗಳ ಕೊನೆಯ ಗಡಿಬಿಡಿ ಆಗಲೂ ಇತ್ತು. ಆದರೆ ಆಗ ಓಟಿ ಅಂದರೆ ಓಟಿ. ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು, ಪಗಾರದ ದಿನ ದುಪ್ಪಟ್ಟು ಲೆಕ್ಕ ಹಾಕಿ ಕೈಗೆ ಕೊಡುತ್ತಿದ್ದರು. ಗಣಪತಿ ಹಬ್ಬದ ಮುಂಚೆ ಓಟಿ ಸಿಕ್ಕರೆ ನಮಗೇ ಖುಷಿ. ಈಗ ಏನಾಗಿದೆ ಅಂದರೆ, ಗಡಿಬಿಡಿ ಉಳಿದಿದೆ, ರೊಕ್ಕ ಹೋಗಿದೆ. ನಿನ್ನಂಥ ಹುಡುಗರಿಗೆ ಎಂಜಿನಿಯರ್ ಅಂತ ಹೆಸರಿಟ್ಟು ನಾಲ್ಕು ಮಂದಿ ಕೆಲಸ ಒಬ್ಬನ ಕೈಲಿ ಮಾಡಿಸುತ್ತಾರೆ.

ಒಂದು ಕೇಳುತ್ತೇನೆ, ಸಿಟ್ಟಾಗಬೇಡ. ರಾತ್ರಿ 9ರ ತನಕ ಕೂರಿಸುತ್ತಾರೆ ಅನ್ನೋದಷ್ಟೇ ನಿನ್ನ ತಕರಾರೋ, ಇನ್ನೂ ಏನಾದರೂ ಇದೆಯೋ? ಕ್ವಾಲಿಟಿಯವನು ತಿಂಗಳ ಕೊನೆ ಬಗ್ಗೆ ಮಾತಾಡಿದರೆ ಸಾಮಾನ್ಯವಾಗಿ ಬೇರೆ ಏನೋ ಇರುತ್ತದೆ.

ಸಣ್ಣ ಮಾಲಕ:

ಬೈಸಿಕೊಳ್ಳಲು ತಯಾರಾಗೇ ಬರೆಯುತ್ತಿದ್ದೇನೆ. ನನ್ನದು ಸಣ್ಣ ಮಷೀನ್ ಶಾಪ್. ಎರಡು ವಿಎಂಸಿ, ಮೂರು ಟರ್ನಿಂಗ್ ಸೆಂಟರ್, ಎಲ್ಲಾ ಬ್ಯಾಂಕ್ ಸಾಲದ ಮೇಲೆ. ದೊಡ್ಡ ಕಂಪನಿಗಳಿಗೆ ಜಾಬ್ ವರ್ಕ್ ಮಾಡುತ್ತೇನೆ.

ತಿಂಗಳ ಕೊನೆಯ ಗಡಿಬಿಡಿ ನಮಗೆ ಶೋಕಿ ಅಲ್ಲ. 30ಕ್ಕೆ ಬಿಲ್ ಆಗದಿದ್ದರೆ ಆ ಮಾಲು ಮುಂದಿನ ತಿಂಗಳ ಲೆಕ್ಕಕ್ಕೆ ಹೋಗುತ್ತದೆ. ಸಣ್ಣ ಉದ್ಯಮದವರಿಗೆ 45 ದಿನದೊಳಗೆ ರೊಕ್ಕ ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಕೊಡದಿದ್ದರೆ ಆ ಖರ್ಚನ್ನು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸುವಂತಿಲ್ಲ ಅಂತ 2024ರ ಏಪ್ರಿಲ್‌ನಿಂದ ಒಂದು ಬಿಗಿಯನ್ನೂ ತಂದರು. ನಮ್ಮ ಗಿರಾಕಿಗಳಲ್ಲಿ ಕೆಲವರು ಏನು ಮಾಡಿದರು ಗೊತ್ತಾ? ಬಿಲ್ಲನ್ನೇ ತಡವಾಗಿ ತೊಗೊಳ್ಳಲು ಶುರು ಮಾಡಿದರು. "ಮಾಲು ಇನ್ನೂ ಇನ್‌ಸ್ಪೆಕ್ಷನ್ ಆಗಿಲ್ಲ" ಅಂದರೆ ಮುಗಿಯಿತು, 45 ದಿನದ ಲೆಕ್ಕವೇ ಶುರು ಆಗುವುದಿಲ್ಲ. ಅತ್ತ 7ನೇ ತಾರೀಖಿಗೆ ನಾನು ಹುಡುಗರಿಗೆ ಪಗಾರ ಕೊಡಲೇಬೇಕು, ಬ್ಯಾಂಕಿನ ಕಂತು ಕಟ್ಟಲೇಬೇಕು.

ನಾನು ಕಿರುಚಿದ್ದೇನೆ, ಇಲ್ಲ ಅನ್ನುವುದಿಲ್ಲ. ಆದರೆ ಮಾಲಕ ಅಂದರೆ ಎಸಿ ರೂಮಲ್ಲಿ ಕೂತವನು ಅಂತ ತಿಳಿಯಬೇಡಿ. ಹೆಲ್ಪರ್ ಬರದ ದಿನ ಬರ್ರ್ (ಲೋಹದ ಚೂರು) ಒರೆಸುವವನು ನಾನೇ.

ತಾರಿಹಾಳ ಟ್ರೇನಿ:

ಮಾಲಕರೇ, ನಿಮ್ಮ ಮಾತು ಒಪ್ಪುತ್ತೇನೆ. ಕಾಕಾ, ನೀವು ಸರಿಯಾಗಿ ಹಿಡಿದಿರಿ. ಬರೆಯಲೋ ಬೇಡವೋ ಅಂತಿದ್ದೆ.

ನನ್ನ ಕೆಲಸ ಹೈಡ್ರೋ ಟೆಸ್ಟ್ ಬೆಂಚಿನ ಮೇಲೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ವಾಲ್ವ್‌ನ ಎರಡೂ ಬಾಯಿ ಬಿಗಿದು, ಒಳಗೆ ನೀರು ತುಂಬಿಸಿ, ಅದು ತಡೆಯಬೇಕಾದ ಒತ್ತಡದ ಒಂದೂವರೆ ಪಟ್ಟು ಏರಿಸುತ್ತೇವೆ. 6 ಇಂಚಿನ ಕ್ಲಾಸ್ 150 (ಇದು ದರ್ಜೆಯ ಹೆಸರು, ಒತ್ತಡವಲ್ಲ) ಗೇಟ್ ವಾಲ್ವ್ ಅಂದರೆ ಒತ್ತಡ 450 ಪಿಎಸ್‌ಐ. ಏರಿಸಿ 60 ಸೆಕೆಂಡ್ ಹಿಡಿಯಬೇಕು. 8 ಇಂಚಿನಿಂದ 12 ಇಂಚಿನ ತನಕ 120 ಸೆಕೆಂಡ್, 14 ಇಂಚಿನಿಂದ ಮೇಲೆ 300. ವಾಲ್ವ್ ಪರೀಕ್ಷೆಯ ಮಾನದಂಡ ಎಪಿಐ 598ರಲ್ಲಿ ಬರೆದಿರುವುದೇ ಇದು. ಅಷ್ಟೊತ್ತು ಬಾಡಿಯನ್ನು ಬಟ್ಟೆಯಲ್ಲಿ ಒರೆಸಿ, ಟಾರ್ಚ್ ಹಿಡಿದು ಸುತ್ತ ನೋಡಬೇಕು. ಎಲ್ಲೂ ತೇವ ಕಾಣಬಾರದು.

ಹೋದ ತಿಂಗಳ ಕೊನೆಗೆ 6 ಇಂಚಿನ ದೊಡ್ಡ ಲಾಟ್ ಇತ್ತು. ಹೊರಗೆ ಲಾರಿ ನಿಂತಿತ್ತು. ಶಿಫ್ಟ್ ಇನ್‌ಚಾರ್ಜ್ ಬಂದು "ಇಪ್ಪತ್ತ ಎಣಿಸಿದ್ರ ಸಾಕು, ಮುಂದಿಂದ ಹಚ್ಚು" ಅಂದರು. ನಾನು ಪೂರ್ತಿ ಹಿಡಿದೆ. ಒಂದು ಬಾಡಿ ಇಪ್ಪತ್ತಕ್ಕೆ ಒಣಗೇ ಇತ್ತು. ಗೇಜಿನ ಮುಳ್ಳು ಅಲುಗಿರಲಿಲ್ಲ. ನಲವತ್ತು ದಾಟಿದ ಮೇಲೆ ಫ್ಲ್ಯಾಂಜಿನ ಕುತ್ತಿಗೆಯ ಕೆಳಗೆ ಸಣ್ಣಗೆ ಬೆವರಿತು. ಬೆರಳಲ್ಲಿ ಒರೆಸಿದೆ, ಮತ್ತೆ ಬಂತು. ಚಾಕ್‌ನಿಂದ ಗುರುತು ಹಾಕಿ ಕೆಂಪು ಟ್ಯಾಗ್ ಕಟ್ಟಿದೆ. ಆಮೇಲೆ ಅದೇ ಹೀಟ್ ನಂಬರಿನವು (ಒಂದೇ ಸಲ ಕರಗಿಸಿದ ಲೋಹದವು) ಇನ್ನೂ ಎರಡು ಸಿಕ್ಕವು.

ಗಲಾಟೆ ಆಯಿತು. ಇನ್‌ಚಾರ್ಜ್ ಕೇಳಿದ್ದು ವಾಲ್ವ್ ಯಾಕೆ ಬೆವರಿತು ಅಂತ ಅಲ್ಲ, ನಾನು ಯಾಕೆ ಅಷ್ಟೊತ್ತು ಹಿಡಿದೆ ಅಂತ. ಟೆಸ್ಟ್ ರಿಪೋರ್ಟಿನಲ್ಲಿ "ಪರೀಕ್ಷಿಸಿದವರು" ಅನ್ನೋ ಜಾಗಕ್ಕೆ ನನ್ನ ಸಹಿ ಬೀಳುತ್ತದೆ. ಇನ್‌ಚಾರ್ಜ್ ಸಹಿ ಎಲ್ಲೂ ಇಲ್ಲ. ಸೋಮವಾರ ಹೋದರೆ ನನ್ನನ್ನು ಸ್ಟೋರ್ಸಿಗೆ ಹಾಕಿದ್ದರು. "ತಾತ್ಪೂರ್ತಿಕ" ಅಂದರು. ಈಗ ನಟ್ಟು ಬೋಲ್ಟು ಎಣಿಸುತ್ತಿದ್ದೇನೆ.

ಗದಗಿನ ಫೌಂಡ್ರಿ:

ಅಣ್ಣಾ, ಆ ಬೆವರಿನ ಮೂಲ ನಮ್ಮಲ್ಲಿದೆ. ನಾನು ಲೋಹ ಕರಗಿಸಿ ಅಚ್ಚಿಗೆ ಸುರಿಯುವ ಫೌಂಡ್ರಿಯಲ್ಲಿರುವವನು. ನಿಮ್ಮಲ್ಲಿ 30ರ ಗಲಾಟೆ ಅಂದರೆ ನಮ್ಮಲ್ಲಿ 10ಕ್ಕೇ ಶುರುವಾಗಿರುತ್ತದೆ. ಕೋರ್ (ಒಳಗಿನ ಟೊಳ್ಳಿಗೆ ಇಡುವ ಮರಳಿನ ಅಚ್ಚು) ಸರಿಯಾಗಿ ಒಣಗಿರುವುದಿಲ್ಲ, "ನಡೀತದ, ಇಡು" ಅನ್ನುತ್ತಾರೆ. ಮರಳಿನಲ್ಲಿ ತೇವ ಜಾಸ್ತಿ ಇರುತ್ತದೆ. ಕರಗಿದ ಲೋಹ ಸುರಿದಾಗ ಆ ತೇವ ಗ್ಯಾಸ್ ಆಗಿ ಹೊರಗೆ ಹೋಗಲು ದಾರಿ ಇಲ್ಲದೆ ಒಳಗೇ ಸಣ್ಣ ತೂತು ಮಾಡಿ ಕೂರುತ್ತದೆ. ಕುತ್ತಿಗೆಯ ಹತ್ತಿರ ಯಾಕೆ ಅಂದರೆ, ಅಲ್ಲಿ ತೆಳು ಗೋಡೆ ದಪ್ಪ ಫ್ಲ್ಯಾಂಜಿಗೆ ಸೇರುತ್ತದೆ. ದಪ್ಪ ಭಾಗ ತಡವಾಗಿ ಆರುತ್ತದೆ. ರೈಸರ್ (ಆರುವಾಗ ಹೆಚ್ಚುವರಿ ಲೋಹ ಒದಗಿಸುವ ಭಾಗ) ಸಾಲದಿದ್ದರೆ ಆ ಜಾಗದಲ್ಲೇ ಲೋಹ ಒಳಗಿಂದ ಜಾಳಾಗುತ್ತದೆ. ಒಂದೇ ಹೀಟ್ ನಂಬರಿನಲ್ಲಿ ಮೂರು ಸಿಕ್ಕಿವೆ ಅಂದರೆ ಆ ದಿನದ ಸುರಿತವನ್ನೇ ನೋಡಬೇಕಿತ್ತು.

ಇಂಥದ್ದಕ್ಕೆ ಎಂ-ಸೀಲ್ ಮೆತ್ತಿ ಬಣ್ಣ ಹೊಡೆದು ಕಳಿಸಿದ್ದನ್ನೂ ಕಣ್ಣಾರೆ ಕಂಡಿದ್ದೇನೆ. ನೀರಿನ ಲೈನಿಗೆ ಹೋದರೆ ಸೋರುತ್ತದೆ, ಬೈಸಿಕೊಳ್ಳುತ್ತೇವೆ, ಅಷ್ಟೇ. ಉಗಿ ಲೈನಿಗೋ ಎಣ್ಣೆ ಲೈನಿಗೋ ಹೋದರೆ ಅಲ್ಲೂ ನಮ್ಮ ನಿಮ್ಮಂಥ ಒಬ್ಬ ಆಪರೇಟರ್ ಪಕ್ಕದಲ್ಲಿ ನಿಂತಿರುತ್ತಾನೆ.

ಸಣ್ಣ ಮಾಲಕ:

ಇದನ್ನು ಓದಿದ ಮೇಲೆ ಮೊದಲು ಬರೆದದ್ದಕ್ಕೆ ಒಂದು ಸೇರಿಸುತ್ತೇನೆ. ಗಡಿಬಿಡಿಗೆ ಕಾರಣ ಇದೆ, ಟೆಸ್ಟ್ ಟೈಮ್ ಕಡಿಮೆ ಮಾಡುವುದಕ್ಕೆ ಯಾವ ಕಾರಣವೂ ಇಲ್ಲ. 40 ಸೆಕೆಂಡ್ ಉಳಿಸಿ ಎಷ್ಟು ಗಳಿಸುತ್ತಾರೆ? ನೂರು ವಾಲ್ವಿಗೆ ಒಂದು ತಾಸು ಚಿಲ್ಲರೆ. ಒಂದು ವಾಲ್ವ್ ಸೈಟಿನಿಂದ ವಾಪಸ್ ಬಂದರೆ ಲಾರಿ ಬಾಡಿಗೆಯೇ ಅದಕ್ಕಿಂತ ಜಾಸ್ತಿ. ಇದು ಲೆಕ್ಕ ಬರದವರು ಮಾಡುವ ಕೆಲಸ.

ರಾಯಾಪುರದಾಕಿ:

ನಾನು ಎಚ್‌ಆರ್‌ನಲ್ಲಿದ್ದೇನೆ, ಬೇರೆ ಕಂಪನಿಯಲ್ಲಿ. ಎಲ್ಲರೂ ಎಚ್‌ಆರ್ ಅಂದರೆ ಮ್ಯಾನೇಜ್‌ಮೆಂಟಿನ ಬಾಯಿ ಅನ್ನುತ್ತೀರಿ. ಅರ್ಧ ನಿಜ. ಇನ್ನರ್ಧ ನಾನು ಹೇಳುತ್ತೇನೆ.

ತಮ್ಮ, ನಿನ್ನನ್ನು ಸ್ಟೋರ್ಸಿಗೆ ಹಾಕಿದ್ದಕ್ಕೆ ಲಿಖಿತ ಆದೇಶ ಇದೆಯಾ? ಬಾಯಿಮಾತಲ್ಲಿ ಹೇಳಿದ್ದರೆ ನೀನೇ ಒಂದು ಮೇಲ್ ಹಾಕು. ಜಗಳದ ಧಾಟಿ ಬೇಡ. "ಈ ತಾರೀಖಿನಿಂದ ಸ್ಟೋರ್ಸಿನಲ್ಲಿ ಕೆಲಸ ಮಾಡುತ್ತಿದ್ದೇನೆ, ಹೈಡ್ರೋ ಟೆಸ್ಟ್ ಬೆಂಚಿನ ಜವಾಬ್ದಾರಿ ಯಾರಿಗೆ ಹಸ್ತಾಂತರ ಮಾಡಲಿ, ದಯವಿಟ್ಟು ತಿಳಿಸಿ" ಅಂತ ಎರಡು ಸಾಲು. ಕ್ವಾಲಿಟಿ ಹೆಡ್‌ಗೆ ಕಳಿಸು, ಎಚ್‌ಆರ್‌ಗೆ ಕಾಪಿ ಹಾಕು. ನೀನು ಸ್ಟೋರ್ಸಿನಲ್ಲಿ ಇರುವ ದಿನ ನಿನ್ನ ಹೆಸರಿನಲ್ಲಿ ಟೆಸ್ಟ್ ರಿಪೋರ್ಟ್ ಹೊರಗೆ ಹೋದರೆ ಆ ಮೇಲ್ ನಿನ್ನನ್ನು ಕಾಯುತ್ತದೆ. ಇದು ಬಹಳ ಮುಖ್ಯ.

ಇನ್ನು ಪಗಾರದ ಮಾತು ಯಾರೂ ಎತ್ತಲಿಲ್ಲ. ಸೇರುವ ಹುಡುಗರಿಗೆ ಸಿಟಿಸಿ (ಕಂಪನಿಗೆ ವರ್ಷಕ್ಕೆ ಆಗುವ ಒಟ್ಟು ಖರ್ಚು) 3 ಲಕ್ಷ ಅಂದರೆ ತಿಂಗಳಿಗೆ 25,000 ಕೈಗೆ ಬರುತ್ತದೆ ಅಂತ ಮನೆಯಲ್ಲಿ ಹೇಳಿಬಿಟ್ಟಿರುತ್ತಾರೆ. ಮೂಲ ವೇತನ 15,000 ಇದ್ದರೆ ಕಂಪನಿ ಪಾಲಿನ ಪಿಎಫ್ 1,800 ಅದರಲ್ಲೇ, ನಿಮ್ಮ ಪಾಲು 1,800 ಅದರಲ್ಲೇ, ಗ್ರಾಚ್ಯುಟಿ ಅಂತ 721, ವರ್ಷಕ್ಕೊಮ್ಮೆ ಕೊಡುವ ಬೋನಸ್ ಅಂತ 1,250. ಕೈಗೆ 19,400ರ ಆಸುಪಾಸು. ಇದು ಮೋಸ ಅಲ್ಲ, ಆದರೆ ಇಂಟರ್ವ್ಯೂನಲ್ಲಿ ಬಿಡಿಸಿ ಹೇಳುವುದಿಲ್ಲ. ಮೊದಲ ಪಗಾರದ ದಿನ ನನ್ನ ಟೇಬಲ್ ಮುಂದೆ ಬಂದು ನಿಲ್ಲುವ ಮುಖಗಳನ್ನು ನೋಡಲು ಆಗುವುದಿಲ್ಲ. ಅದಕ್ಕೇ ಈಗ ಆಫರ್ ಲೆಟರ್ ಜೊತೆ ಕೈಗೆ ಎಷ್ಟು ಬರುತ್ತದೆ ಅಂತ ಒಂದು ಚೀಟಿ ನಾನೇ ಬರೆದುಕೊಡುತ್ತೇನೆ. ಮೇಲಿನವರಿಗೆ ಇದು ಇಷ್ಟ ಇಲ್ಲ.

ಕಾನೂನು ಓದಿದವ:

ಬಾಂಡ್ ಮತ್ತು ಓಟಿ ಬಗ್ಗೆ ನನಗೆ ತಿಳಿದಷ್ಟು.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1948ರ ಕಾರ್ಖಾನೆ ಕಾಯ್ದೆಯ ಜಾಗಕ್ಕೆ ಅದರಲ್ಲೊಂದು ಬಂದಿದೆ. ಹೆಚ್ಚುವರಿ ಕೆಲಸಕ್ಕೆ ದುಪ್ಪಟ್ಟು ಕೊಡಬೇಕು ಅನ್ನೋದು ಹೊಸದರಲ್ಲೂ ಹಾಗೇ ಇದೆ. ಕೆಲಸಕ್ಕೆ ಸೇರಿಸಿಕೊಂಡರೆ ನೇಮಕಾತಿ ಪತ್ರ ಕೊಡಲೇಬೇಕು. ಕೆಲಸ ಬಿಟ್ಟರೆ ಎರಡು ಕೆಲಸದ ದಿನದೊಳಗೆ ಬಾಕಿ ಪಗಾರ ಚುಕ್ತಾ ಮಾಡಬೇಕು. ಮೊದಲು ಇದಕ್ಕೇ ತಿಂಗಳುಗಟ್ಟಲೆ ಅಲೆಸುತ್ತಿದ್ದರು.

"ನೀ ಎಂಜಿನಿಯರ್" ಅನ್ನುವ ಆಟದ ಗುಟ್ಟು ಇಲ್ಲಿದೆ. ಮೇಲ್ವಿಚಾರಣೆ ಕೆಲಸ ಮಾಡುತ್ತಾ ತಿಂಗಳಿಗೆ 18,000ಕ್ಕಿಂತ ಜಾಸ್ತಿ ಪಗಾರ ಪಡೆಯುವವರು ಸಂಹಿತೆಯ ಪ್ರಕಾರ ಕಾರ್ಮಿಕರಲ್ಲ. ಅದಕ್ಕೇ ಎಲ್ಲರಿಗೂ ದೊಡ್ಡ ಹೆಸರಿನ ಹುದ್ದೆ. ಆದರೆ ಕೋರ್ಟುಗಳು ಹುದ್ದೆಯ ಹೆಸರು ನೋಡುವುದಿಲ್ಲ, ದಿನವಿಡೀ ನಿಜವಾಗಿ ಏನು ಕೆಲಸ ಮಾಡುತ್ತಾನೆ ಅಂತ ನೋಡುತ್ತವೆ. ಕೈಯಲ್ಲಿ ಟಾರ್ಚ್ ಹಿಡಿದು ವಾಲ್ವ್ ಪರೀಕ್ಷೆ ಮಾಡುವವನು ಯಾರ ಮೇಲ್ವಿಚಾರಕ? ಇದು ತಾಂತ್ರಿಕ ಕೆಲಸ.

ಟ್ರೇನಿಯಲ್ಲೂ ಎರಡು ತರ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಕರಾರು ನೋಂದಣಿ ಆದವರು ಬೇರೆ, ಅವರಿಗೆ ಸ್ಟೈಪೆಂಡ್. ಕಂಪನಿ ಸುಮ್ನೆ ಟ್ರೇನಿ ಅಂತ ಕರೆಯುವವರು ಬೇರೆ. ನಿಮ್ಮ ಪಗಾರ ಚೀಟಿಯಲ್ಲಿ ಪಿಎಫ್ ಕಡಿತ ಇದ್ದರೆ ಬಹುತೇಕ ಎರಡನೆಯವರು.

ಬಾಂಡ್: ಪೂರ್ತಿ ಸುಳ್ಳು, ಹರಿದು ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ಸರ್ಕಾರಿ ಬ್ಯಾಂಕಿನ ಕೇಸಿನಲ್ಲಿ ಮೂರು ವರ್ಷದ ಷರತ್ತು ಮತ್ತು 2 ಲಕ್ಷದ ಬಾಂಡ್ ಸರಿ ಅಂತ ಹೇಳಿದೆ. ಆದರೆ ಅಲ್ಲಿ ಬ್ಯಾಂಕು ನೇಮಕಾತಿಗೆ ಆದ ಖರ್ಚಿನ ಲೆಕ್ಕ ಮುಂದಿಟ್ಟಿತ್ತು. ನಿಮ್ಮ ಕಂಪನಿ ನಿಮಗೆ ಏನು ತರಬೇತಿ ಕೊಟ್ಟಿದೆ, ಎಷ್ಟು ಖರ್ಚು ಮಾಡಿದೆ ಅಂತ ತೋರಿಸಬೇಕಾಗುತ್ತದೆ. ಸ್ಟೋರ್ಸಿನಲ್ಲಿ ನಟ್ಟು ಎಣಿಸುವುದು ತರಬೇತಿ ಅಂತ ಹೇಳಲು ಅವರಿಗೂ ಕಷ್ಟ. ಖಾಲಿ ಚೆಕ್ಕಿನ ನಂಬರ್ ಬರೆದಿಟ್ಟುಕೊಳ್ಳಿ. ಮೂಲ ಮಾರ್ಕ್ಸ್ ಕಾರ್ಡ್ ಕೊಟ್ಟಿದ್ದರೆ ಇವತ್ತೇ ವಾಪಸ್ ಕೇಳಿ.

ಸುಮ್ನೆ ಓದುವವ:

ಇಷ್ಟೆಲ್ಲ ಮಾತಾಡಿ ಲೇಬರ್ ಆಫೀಸಿಗೆ ಹೋದವರು ಈ ಊರಲ್ಲಿ ಮತ್ತೆ ಕೆಲಸ ಹುಡುಕಿದ್ದನ್ನು ನೋಡಿದ್ದೀರಾ? ಎಲ್ಲ ಮ್ಯಾನೇಜರುಗಳೂ ಒಂದೇ ಕಾಲೇಜಿನವರು, ಒಂದೇ ಮದುವೆಯಲ್ಲಿ ಕೂತು ಊಟ ಮಾಡುವವರು. ಪುಣೆ ಆದರೆ ಬೇರೆ.

ಪುಣೆಯಿಂದ ವಾಪಸ್:

ಪುಣೆ ಬೇರೆ ಅನ್ನುವವರಿಗೆ: ನಾನು ಚಾಕಣದಲ್ಲಿ ಇದ್ದು ಬಂದವನು. ಅಲ್ಲಿ ಪಗಾರ ಜಾಸ್ತಿ, ರೂಮ್ ಬಾಡಿಗೆ ಅದಕ್ಕಿಂತ ಜಾಸ್ತಿ. ತಿಂಗಳ ಕೊನೆ ಅಲ್ಲೂ ತಿಂಗಳ ಕೊನೆಯೇ. ಊರು ಚಿಕ್ಕದು ಅನ್ನುವ ಮಾತು ಮಾತ್ರ ನಿಜ. ಆದರೆ ಅದು ಎರಡೂ ಕಡೆ ಕೆಲಸ ಮಾಡುತ್ತದೆ. ಯಾವ ಶಾಪಿನಲ್ಲಿ ಹುಡುಗರು ನಿಲ್ಲುವುದಿಲ್ಲ ಅಂತ ಉಣಕಲ್‌ನ ಚಹಾ ಅಂಗಡಿಯಲ್ಲಿ ಕೂತವರಿಗೂ ಗೊತ್ತಿರುತ್ತದೆ. ಒಳ್ಳೆ ಮಷೀನ್ ಸೆಟ್ಟರ್ ಸಿಗದೆ ಒದ್ದಾಡುವ ಕಂಪನಿಗಳು ಸುಮ್ನೆ ಒದ್ದಾಡುತ್ತಿಲ್ಲ.

ವಾಪಸ್ ಬಂದು ಇಲ್ಲಿ ಮೂರು ಕಡೆ ಇಂಟರ್ವ್ಯೂಗೆ ಹೋದೆ. ಮೂರೂ ಕಡೆ ಒಂದೇ ವಿನಂತಿ ಮಾಡಿದೆ: ಶಾಪ್ ಒಮ್ಮೆ ತೋರಿಸಿ. ಕ್ಯಾಂಟೀನ್, ಬೋರ್ಡು, ಗಿಡ ಇದ್ಯಾವುದನ್ನೂ ನೋಡಲಿಲ್ಲ. ರಿಜೆಕ್ಷನ್ ಮಾಲು ಇಡುವ ಕೆಂಪು ಬಿನ್ ಎಲ್ಲಿದೆ ಅಂತ ಹುಡುಕಿದೆ.

ಮೊದಲನೆಯ ಕಡೆ ಕೆಂಪು ಬಿನ್ ಖಾಲಿ ಇತ್ತು, ಧೂಳು ಕೂಡ ಕೂತಿತ್ತು. "ನಮ್ಮಲ್ಲಿ ಝೀರೋ ರಿಜೆಕ್ಷನ್" ಅಂತ ಹೆಮ್ಮೆಯಿಂದ ಹೇಳಿದರು. ಮಷೀನಿಂಗ್ ಶಾಪಿನಲ್ಲಿ ಟೂಲ್ ಸವೆಯುತ್ತದೆ, ಇನ್ಸರ್ಟ್ ಮುರಿಯುತ್ತದೆ, ಕಾಸ್ಟಿಂಗ್‌ನಲ್ಲಿ ತೂತು ಬರುತ್ತದೆ. ಝೀರೋ ಹೇಗೆ ಸಾಧ್ಯ? ಎಲ್ಲಾ ಹೊರಗೆ ಹೋಗುತ್ತಿದೆ ಅಂತ ಅರ್ಥ. ಎರಡನೆಯ ಕಡೆ ಬಿನ್ ತುಂಬಿ ನೆಲದ ಮೇಲೂ ಬಿದ್ದಿತ್ತು, ಯಾವುದಕ್ಕೂ ಟ್ಯಾಗ್ ಇಲ್ಲ. ಮೂರನೆಯ ಕಡೆ ಏಳೆಂಟು ಪೀಸು, ಪ್ರತಿಯೊಂದಕ್ಕೂ ಟ್ಯಾಗ್, ಅದರ ಮೇಲೆ ಏನು ತಪ್ಪು, ಯಾವ ಮಷೀನ್, ಯಾರು ಹಿಡಿದರು ಅಂತ ಬರೆದಿತ್ತು. ಹಿಡಿದವರಲ್ಲಿ ಒಬ್ಬ ಹೆಲ್ಪರ್ ಹೆಸರೂ ಇತ್ತು. ಅಲ್ಲಿಗೇ ಸೇರಿದೆ. ಪಗಾರ ಮೂರರಲ್ಲಿ ಅಲ್ಲೇ ಕಡಿಮೆ. ನಮ್ಮಲ್ಲೂ ತಿಂಗಳ ಕೊನೆಗೆ ಬೈಗುಳ ಇದೆ, ತಪ್ಪು ತಿಳಿಯಬೇಡಿ. ಆದರೆ ಲೈನ್ ನಿಲ್ಲಿಸಿದವನನ್ನು ಎತ್ತಂಗಡಿ ಮಾಡುವುದಿಲ್ಲ.

ಧಾರವಾಡದ ಡಿಸೈನರ್:

ನಾನು ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಡೆ ಡಿಸೈನ್ ವಿಭಾಗದಲ್ಲಿದ್ದೆ. ಹೆಣ್ಣುಮಕ್ಕಳ ಅನುಭವ ಇಲ್ಲಿ ಯಾರೂ ಬರೆದಿಲ್ಲ, ಬರೆಯುತ್ತೇನೆ.

ನಾನು ಬಿಡಿಸಿದ ಫಿಕ್ಸ್ಚರ್ (ಪೀಸು ಹಿಡಿದಿಡುವ ಸಾಧನ) ಶಾಪಿನಲ್ಲಿ ಹೇಗೆ ಕೂರುತ್ತದೆ ಅಂತ ನೋಡಲು ಹೋದರೆ "ಮೇಡಂ, ನೀವ್ಯಾಕ ಬರ್ಲಿಕ್ಕೆ ಹೋದ್ರಿ, ಎಣ್ಣೆ ಹತ್ತತದ, ಫೋಟೊ ಕಳಿಸ್ತೀವಿ" ಅನ್ನುತ್ತಿದ್ದರು. ಪ್ರೀತಿಯಿಂದಲೇ. ಆದರೆ ಆ ಪ್ರೀತಿಯಿಂದ ನಾನು ಕಲಿಯುವುದು ನಿಂತಿತು. ಇನ್‌ಕ್ರಿಮೆಂಟ್ ಹೊತ್ತಿಗೆ "ಶಾಪ್ ಫ್ಲೋರ್ ಅನುಭವ ಕಡಿಮೆ" ಅಂತ ಅವರೇ ಬರೆದರು!

ಶಾಪಿನ ಕಡೆ ಹೆಂಗಸರಿಗೆ ಶೌಚಾಲಯ ಒಂದೇ. ಅದಕ್ಕೂ ಬೀಗ. ಕೀಲಿ ಸೆಕ್ಯುರಿಟಿ ಹತ್ತಿರ. ಗಿರಾಕಿ ಆಡಿಟ್ ಬಂದ ದಿನ ಮಾತ್ರ ಬೀಗ ತೆಗೆದು, ಒಳಗೆ ಸೋಪು, ಟವೆಲ್ಲು, ಒಂದು ಹೂವಿನ ಕುಂಡವನ್ನೂ ಇಡುತ್ತಿದ್ದರು. ಆಡಿಟ್ ದಿನ ಕಾಂಟ್ರ್ಯಾಕ್ಟ್ ಹುಡುಗರಿಗೆಲ್ಲ ಹೊಸ ಸೇಫ್ಟಿ ಶೂ ಹಂಚಿದರು. ಸಂಜೆ ಆಡಿಟರ್ ಕಾರು ಗೇಟು ದಾಟುತ್ತಲೇ ಶೂ ವಾಪಸ್ ಇಸ್ಕೊಂಡು, ಸೈಜಿನ ಪ್ರಕಾರ ಡಬ್ಬಿಗೆ ಹಾಕಿ ಸ್ಟೋರ್ಸಿಗೆ ಕಳಿಸಿದರು. ಹುಡುಗರು ಚಪ್ಪಲಿ ಹುಡುಕುತ್ತಾ ನಿಂತಿದ್ದರು. ಅವತ್ತು ನಗು ಬಂತು, ಈಗ ನೆನೆದರೆ ಸಿಟ್ಟು ಬರುತ್ತದೆ.

ಇದೇ ತಾರಿಹಾಳದಲ್ಲಿ 2022ರ ಜುಲೈನಲ್ಲಿ ಹುಟ್ಟುಹಬ್ಬದ ಕ್ಯಾಂಡಲ್ ಮಾಡುವ ಘಟಕಕ್ಕೆ ಬೆಂಕಿ ಬಿದ್ದು ಕಾರ್ಮಿಕರು ಸತ್ತರಲ್ಲ, ಆಮೇಲೆ ಸ್ವಲ್ಪ ದಿನ ಎಲ್ಲ ಕಡೆ ಬೆಂಕಿ ನಂದಿಸುವ ಸಿಲಿಂಡರ್ ತೂಗುಹಾಕಿದರು. ಈಗ ನಿಮ್ಮ ಶಾಪಿನ ಸಿಲಿಂಡರ್ ಮೇಲೆ ರೀಫಿಲ್ ತಾರೀಖು ನೋಡಿ, ಬಂದು ಇಲ್ಲಿ ಹೇಳಿ.

ಗದಗಿನ ಫೌಂಡ್ರಿ:

ಅಕ್ಕಾ, ನೋಡಿ ಬಂದೆ. ಹೇಳುವ ಹಾಗಿಲ್ಲ.

ಕಾಂಟ್ರ್ಯಾಕ್ಟ್ ಹುಡುಗ:

ಶೂ ವಾಪಸ್ ಕೊಟ್ಟವರಲ್ಲಿ ನಾನೂ ಒಬ್ಬ ಇರಬಹುದು ಅಕ್ಕ. ಅದೇ ಕಂಪನಿಯೋ ಬೇರೆಯೋ ಗೊತ್ತಿಲ್ಲ, ಎಲ್ಲ ಕಡೆ ನಡೆಯುತ್ತದೆ.

ನೀವೆಲ್ಲ ಬಾಂಡ್, ಓಟಿ, ಹುದ್ದೆ ಅಂತ ಮಾತಾಡುತ್ತಿದ್ದೀರಿ. ನಮಗೆ ನೇಮಕಾತಿ ಪತ್ರವೇ ಇಲ್ಲ. ನಾನು ಅಣ್ಣಿಗೇರಿಯಿಂದ ದಿನಾ ಬರುತ್ತೇನೆ. ಕಾಂಟ್ರ್ಯಾಕ್ಟರ್ ಪಗಾರದಲ್ಲಿ ಪಿಎಫ್ ಅಂತ ಹಿಡಿಯುತ್ತಾನೆ, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಅಂತ ಹಿಡಿಯುತ್ತಾನೆ. ಕಾರ್ಡ್ ಕೇಳಿದರೆ "ಬರ್ತದ ತಡಿ" ಅನ್ನುತ್ತಾನೆ. ಕಂಪನಿಯವರನ್ನು ಕೇಳಿದರೆ ಕಾಂಟ್ರ್ಯಾಕ್ಟರ್‌ನ ಕೇಳು ಅನ್ನುತ್ತಾರೆ. ಹೋದ ವರ್ಷ ಕೈಗೆ ಗ್ರೈಂಡರ್ ಹತ್ತಿದಾಗ ಖಾಸಗಿ ದವಾಖಾನೆಗೆ ಕರೆದುಕೊಂಡು ಹೋಗಿ ಹೊಲಿಗೆ ಹಾಕಿಸಿದರು. ರೊಕ್ಕ ಆಮೇಲೆ ಪಗಾರದಲ್ಲಿ ಮುರಿದರು. ಇದಕ್ಕೆ ಏನು ಮಾಡಬೇಕು, ಯಾರಾದರೂ ಹೇಳುತ್ತೀರಾ?

ರಾಯಾಪುರದಾಕಿ:

ಅದು ಕಾನೂನಿಗೆ ವಿರುದ್ಧ ತಮ್ಮ, ಪೂರ್ತಿ ವಿರುದ್ಧ. ಪಗಾರ 21,000 ದಾಟದಿದ್ದರೆ ಇಎಸ್‌ಐ ಕಡ್ಡಾಯ. ನಿನ್ನಿಂದ ನೂರಕ್ಕೆ 75 ಪೈಸೆ, ಅವರಿಂದ 3 ರೂಪಾಯಿ 25 ಪೈಸೆ. ಕಟ್ಟಿದ್ದರೆ ಆ ಹೊಲಿಗೆ ಪುಕ್ಕಟೆ ಆಗಬೇಕಿತ್ತು. ಮನೆಯಲ್ಲಿ ಕೂತ ದಿನಗಳಿಗೂ ಇಎಸ್‌ಐನಿಂದ ಹಣ ಬರಬೇಕಿತ್ತು.

ಕಾಂಟ್ರ್ಯಾಕ್ಟರ್ ಕಟ್ಟದಿದ್ದರೆ ಕಂಪನಿ ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಪಿಎಫ್, ಇಎಸ್‌ಐ ಎರಡಕ್ಕೂ ಕೊನೆಗೆ ಮೂಲ ಕಂಪನಿಯೇ ಹೊಣೆ. ಇದು ನಮ್ಮಂಥ ಎಚ್‌ಆರ್‌ಗಳಿಗೆ ಚೆನ್ನಾಗಿ ಗೊತ್ತಿದೆ. ಅದಕ್ಕೇ "ಕಾಂಟ್ರ್ಯಾಕ್ಟರ್‌ನ ಕೇಳು" ಅಂತ ಬಾಯಲ್ಲೇ ಹೇಳುತ್ತಾರೆ, ಬರೆದು ಕೊಡುವುದಿಲ್ಲ.

ಮೊದಲು ನಿನ್ನ ಯುಎಎನ್ (ಪಿಎಫ್ ಖಾತೆಯ ಗುರುತು) ನಂಬರ್ ಇದೆಯೋ ನೋಡು. ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆರೆದರೆ ಯಾವ ತಿಂಗಳು ಎಷ್ಟು ಬಿದ್ದಿದೆ ಅಂತ ಕಾಣುತ್ತದೆ.

ಲೇತ್ ಕಾಕಾ:

ಇಂಥದ್ದಕ್ಕೆ ಮೊದಲು ಸಂಘ ಇತ್ತು. ನಾವು ನಾಲ್ಕು ಮಂದಿ ಕೂಡಿ ಹೋಗಿ ಕೂತರೆ ಮಾಲಕ ಚಹಾ ತರಿಸಿ ಮಾತಾಡುತ್ತಿದ್ದ. ಸಂಘದಲ್ಲೂ ಕಳ್ಳರಿದ್ದರು, ಅದು ಬೇರೆ ಮಾತು. ಈಗ ಪರ್ಮನೆಂಟ್ ಹುಡುಗರ ಡಬ್ಬಿ ಬೇರೆ ಟೇಬಲ್, ಕಾಂಟ್ರ್ಯಾಕ್ಟ್ ಹುಡುಗರದು ಬೇರೆ ಟೇಬಲ್. ಒಂದೇ ಮಷೀನ್ ಮೇಲೆ ಪಾಳಿ ಬದಲಿಸಿ ನಿಲ್ಲುವವರು ಒಬ್ಬರ ಪಗಾರ ಇನ್ನೊಬ್ಬರಿಗೆ ಹೇಳುವುದಿಲ್ಲ. ಬೇಲಿ ಹಾಕಿದವರು ಯಾರು ಅಂತ ಯೋಚನೆ ಮಾಡಿ.

ತಾರಿಹಾಳ ಟ್ರೇನಿ:

ಎಲ್ಲರಿಗೂ ಥ್ಯಾಂಕ್ಸ್. ಸ್ವಲ್ಪ ಸುದ್ದಿ ಇದೆ.

ರಾಯಾಪುರದ ಅಕ್ಕ ಹೇಳಿದ ಹಾಗೆ ಎರಡು ಸಾಲಿನ ಮೇಲ್ ಹಾಕಿದೆ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಕ್ವಾಲಿಟಿ ಹೆಡ್ ಕರೆಸಿದರು. ಬೈಯುತ್ತಾರೆ ಅಂದುಕೊಂಡಿದ್ದೆ. ಬಾಗಿಲು ಹಾಕಿ "ಆ ಮೂರು ಬಾಡಿ ಎಲ್ಲಿ ಅದಾವು?" ಅಂದರು. ಅವರಿಗೆ ವಿಷಯವೇ ಗೊತ್ತಿರಲಿಲ್ಲ! ಅವರಿಗೆ ಹೋದ ರಿಪೋರ್ಟಿನಲ್ಲಿ ಲಾಟ್ ಪೂರ್ತಿ ಓಕೆ ಅಂತಿತ್ತು. ಮೂರು ಕಡಿಮೆ ಬಿದ್ದದ್ದಕ್ಕೆ ಬೇರೆ ಲಾಟಿನ ಬಾಡಿ ಸೇರಿಸಿ ಕಳಿಸಿದ್ದಾರೆ. ಅವು ಟೆಸ್ಟ್ ಆಗಿದ್ದವೋ ಇಲ್ಲವೋ ಅನ್ನುವುದರ ವಿಚಾರಣೆ ಈಗ ನಡೆದಿದೆ. ನನ್ನ ಸಹಿ ಆ ರಿಪೋರ್ಟಿನಲ್ಲಿಲ್ಲ, ನಾನು ಕೆಂಪು ಟ್ಯಾಗ್ ಕಟ್ಟಿದ ಮೇಲೆ ಸಹಿ ಹಾಕಿರಲಿಲ್ಲ.

ನನ್ನನ್ನು ಮತ್ತೆ ಬೆಂಚಿಗೆ ಹಾಕಿದ್ದಾರೆ. ಟೆಸ್ಟ್ ಶೀಟಿನಲ್ಲಿ ಹೊಸದಾಗಿ ಎರಡು ಕಾಲಂ ಬಂದಿವೆ: ಒತ್ತಡ ಏರಿದ ಸಮಯ, ಇಳಿಸಿದ ಸಮಯ. ಅದರ ಕೆಳಗೆ ಶಿಫ್ಟ್ ಇನ್‌ಚಾರ್ಜ್ ಕೂಡ ಸಹಿ ಹಾಕಬೇಕು. ಇನ್‌ಚಾರ್ಜ್ ಸಾಹೇಬರು ಈಗ ನನ್ನ ಜೊತೆ ಮಾತಾಡುವುದಿಲ್ಲ. ಸಹಿ ಮಾತ್ರ ಹಾಕುತ್ತಾರೆ, ಗಡಿಯಾರ ನೋಡಿಯೇ ಹಾಕುತ್ತಾರೆ. ಓಟಿ ಬಗ್ಗೆ ಕೇಳಿದ್ದಕ್ಕೆ "ನೋಡೋಣು" ಅಂದಿದ್ದಾರೆ. ಖಾಲಿ ಚೆಕ್ ವಾಪಸ್ ಕೊಟ್ಟಿಲ್ಲ.

ಸಣ್ಣ ಮಾಲಕ:

"ನೋಡೋಣು" ಅಂದರೆ ಇಲ್ಲ ಅಂತ. ನಾನೂ ಹಾಗೇ ಹೇಳುತ್ತೇನೆ. ದೀಪಾವಳಿ ಆದ ಮೇಲೆ ಮತ್ತೆ ಕೇಳು, ಈ ಸಲ ಬರೆದು ಕೇಳು. ಬೇಸರವಾದರೆ ನನ್ನ ಶಾಪಿಗೆ ಬಾ. ಪಗಾರ ಕಡಿಮೆ, ಬೈಗುಳ ಜಾಸ್ತಿ, ಓಟಿ ಮಾತ್ರ ಇದೆ.

ಕಾಂಟ್ರ್ಯಾಕ್ಟ್ ಹುಡುಗ:

ಅಕ್ಕಾ, ಪಾಸ್‌ಬುಕ್ ತೆಗೆದು ನೋಡಿದೆ. ಯುಎಎನ್ ಇದೆ. ಜೂನ್ ತನಕ ಬಿದ್ದಿದೆ, ಆಮೇಲೆ ಒಂದು ಪೈಸೆ ಇಲ್ಲ. ನಮ್ಮ ಲೈನಿನ ಹುಡುಗರೆಲ್ಲ ತಮ್ಮ ತಮ್ಮದು ತೆಗೆದು ನೋಡಿದರು. ಎಲ್ಲರದೂ ಜೂನ್‌ಗೇ ನಿಂತಿದೆ. ಸೋಮವಾರ ಕೆಲವರು ಕೂಡಿ ನವನಗರದ ಪಿಎಫ್ ಆಫೀಸಿಗೆ ಹೋಗಬೇಕು ಅಂತ ಮಾಡಿದ್ದೇವೆ. ಏನೇನು ಕಾಗದ ಬೇಕು?

ರಾಯಾಪುರದಾಕಿ:

ಯುಎಎನ್ ನಂಬರ್, ಆಧಾರ್, ಪಗಾರ ಜಮಾ ಆದ ಬ್ಯಾಂಕ್ ಪಾಸ್‌ಬುಕ್‌ನ ಪ್ರತಿ. ಪಗಾರ ಚೀಟಿ ಕೊಟ್ಟಿದ್ದರೆ ಅದು. ಕೊಟ್ಟಿಲ್ಲ ಅಂದರೆ ಗೇಟ್ ಪಾಸ್, ಕಂಪನಿಯ ಗುರುತಿನ ಚೀಟಿ, ಹಾಜರಿಯ ಫೋಟೊ, ಏನಿದ್ದರೂ ತೊಗೊಂಡು ಹೋಗಿ. ಅರ್ಜಿಯಲ್ಲಿ ಕಾಂಟ್ರ್ಯಾಕ್ಟರ್ ಹೆಸರಿನ ಜೊತೆ ಕಂಪನಿ ಹೆಸರನ್ನೂ ಬರೆಯಿರಿ, ಮರೆಯಬೇಡಿ. ಎಲ್ಲರದೂ ಒಂದೇ ಅರ್ಜಿ ಬೇಡ, ಒಬ್ಬೊಬ್ಬರದು ಬೇರೆ ಬೇರೆ ಕೊಟ್ಟು ಸ್ವೀಕೃತಿ ಸಿಕ್ಕಾ ಹಾಕಿಸಿಕೊಳ್ಳಿ. ಹೋಗುವ ಮುಂಚೆ ಪಿಎಫ್ ದೂರಿನ ವೆಬ್‌ಸೈಟ್ ಇಪಿಎಫ್‌ಐಜಿಎಂಎಸ್‌ನಲ್ಲೂ ದೂರು ಹಾಕಿ, ಅದರ ನಂಬರ್ ಅರ್ಜಿಯ ಮೇಲೆ ಬರೆಯಿರಿ.

ಲೇತ್ ಕಾಕಾ:

ಸೋಮವಾರ ನಾನು ಖಾಲಿ ಇದ್ದೇನೆ. ಎಷ್ಟೊತ್ತಿಗೆ ಹೋಗುತ್ತೀರಿ ಹೇಳು ತಮ್ಮಾ, ನವನಗರಕ್ಕೆ ಬಂದು ನಿಮ್ಮ ಜೊತೆ ಕೂರುತ್ತೇನೆ.

ಕಾಂಟ್ರ್ಯಾಕ್ಟ್ ಹುಡುಗ:

10 ಗಂಟೆಗೆ ಕಾಕಾ. ಎರಡನೇ ಪಾಳಿ ಹಾಕಿಸಿಕೊಂಡಿದ್ದೇವೆ.